ನಲವತ್ತೊಂದನೇ ಪುಟ

ಕ್ಯಾಮೆರಾ ಹಳೇದು. ಧಾರವಾಡದಾಗ ಒಂದು ಸ್ಟುಡಿಯೋ ಮುಚ್ಚೂ ಮುಂದ
ಕಂತಿನ ಮ್ಯಾಲ ತಗೊಂಡದ್ದು. ಅದರ ಜೋಡಿ ಒಂದು ಕೈಪಿಡಿ ಬಂತು.
ಮೊದಲಿನ ಮಾಲಕ ಯಾರೋ, ಚಹಾದ ಕಲಿ ಬಿಟ್ಟುಹೋಗ್ಯಾನ
ನಲವತ್ತೊಂದನೇ ಪುಟದ ಮ್ಯಾಲ:
ಹಿಮದಾಗ ಚಿತ್ರ ತಗಿಯೂದು ಹ್ಯಾಂಗ.

ಬ್ಯಾಟರಿ ಕಂಕಳಾಗ ಬೆಚ್ಚಗ ಇಟ್ಕೋರಿ.
ಲೆನ್ಸಿನ ಮ್ಯಾಲ ಉಸಿರು ಬಿಡಬ್ಯಾಡ್ರಿ, ಹರಳಾಗಿ ಕುಂಡ್ರತೈತಿ.
ಬಿಳೀದು ಕಂಡ್ರ ಕ್ಯಾಮೆರಾ ನಂಬೂದಿಲ್ಲ,
ಇಷ್ಟು ಬೆಳಕು ಎಲ್ಲಿಂದ ಬರಬೇಕು ಅಂತ ಬೂದಿ ಮಾಡಿಬಿಡತೈತಿ;
ಒಂದು ಮೆಟ್ಟಲ ಬೆಳಕು ಹೆಚ್ಚಿಗಿ ಕೊಡ್ರಿ.

ಗದಗಿನ ದವಾಖಾನ್ಯಾಗ ಎಕ್ಸ್‌ರೇ ತಗಿಯಾಕಿ ನಾನು.
ಹದಿನೇಳು ವರ್ಷ ಆತು.
ಬಿಳೀದು ಅಂದ್ರ ನನಗ ಎಲುಬು.
ಹಿಮ ಅಂದ್ರ ಫ್ರಿಜ್ಜಿನ ಮ್ಯಾಲಿನ ಖಾನೆ, ಚಮಚಾ ತಗೊಂಡು ಕೆರದದ್ದು.
ಆದ್ರೂ ಆ ಪುಟ ಓದಿದಷ್ಟು ಬ್ಯಾರೆ ಯಾವ ಪುಟಾನೂ ಓದಿಲ್ಲ.
ಜ್ವಾಳದ ಹಿಟ್ಟಿನ ಮ್ಯಾಲ ಮಾಡಿ ನೋಡೀನಿ, ಉಪ್ಪಿನ ಮ್ಯಾಲ,
ಮಾರ್ಕೆಟ್ಟಿನ್ಯಾಗ ಅಂಡಿಗಿ ಬಿಚ್ಚಿ ಸುರುವಿದ ಹತ್ತಿ ಮ್ಯಾಲ.
ಹಮಾಲ ಹಜರೇಸಾಬ ನಿಂತು ನೋಡಿದ:
"ಅಕ್ಕಾರ, ಹತ್ತಿ ಏನು ನಗತೈತೇನ್ರಿ, ಫೋಟೋ ಹೊಡ್ಯಾಕ?"

ಡಿಸೆಂಬರದ ಐತಾರ, ನಸುಕಿನ ನಾಕೂವರಿ.
ಮಾಗಡಿ ಕೆರಿಗೆ ಬಾತು ಬಂದಾವಂತ,
ಪಟ್ಟಿತಲಿ ಬಾತು, ಹಿಮಾಲಯ ದಾಟಿ ಬರೂವು.
ರೆಕ್ಕ್ಯಾಗ ಒಂದರ ಹಳಕು ಉಳದಿರಬೇಕಲ್ಲ ಅಂತ
ಹುಚ್ಚ ಲೆಕ್ಕ ನನ್ನದು.
ಕೈಗೆ ಮಗನ ಸಾಲಿ ಸಾಕ್ಸು.
ಸ್ಕೂಟಿಯ ಲೈಟಿನ ಮುಂದ ಮಂಜು ಗ್ವಾಡಿ ಹಂಗ ನಿಂತಿತ್ತು.
ಬ್ಯಾಟರಿ ಕಂಕಳಾಗಿತ್ತು.
ಬೇಕಾಗಿರಲಿಲ್ಲ. ಇಟ್ಕೊಂಡಿದ್ದೆ.

ಕೆರಿ ಇತ್ತು, ಕಾಣಲಿಲ್ಲ.
ಬಾತು ಇದ್ದವು, ಸಪ್ಪಳ ಅಷ್ಟ,
ಮದವಿಮನ್ಯಾಗ ಒಳಗಿನ ಖೋಲ್ಯಾಗ ಹೆಂಗಸರು ಮಾತಾಡಿದಂಗ.
ಒಮ್ಮಿಗೇ ಎದ್ದವು. ನೆತ್ತಿ ಮ್ಯಾಲ ಅರಿವಿ ಹರದ ಸಪ್ಪಳ.
ಒತ್ತಿದೆ, ಒತ್ತಿದೆ, ಒತ್ತಿದೆ.
ಮೂವತ್ತೆರಡು ಬೂದಿ ಚಿತ್ರ.

ಹೊಳ್ಳಿ ಬರೂ ಮುಂದ ಕಡ್ಲಿ ಹೊಲದಾಗ
ಹಿಮ ಬಿದ್ದಿತ್ತು.
ಸುಳ್ಳಲ್ಲ. ನಾಕು ಮಾರು ಉದ್ದ, ಬೆಳ್ಳಗ,
ಅಲ್ಲಲ್ಲೆ ಗಿಡದ ತಲಿ ಉಬ್ಬಿ, ಅಂಚಿಗೆ ಹಸರು ಇಣಿಕಿ.
ಸಾಕ್ಸ್ ಕಳದೆ. ಉಸಿರು ಬಿಗಿ ಹಿಡದೆ.
ಒಂದು ಮೆಟ್ಟಲ ಹೆಚ್ಚಿಗಿ.
ಕ್ಯಾಮೆರಾ ನಂಬಿತು.

"ಏಯ್, ಯಾರವಾ ಅದು? ಧೋತ್ರ ತುಳದೀ!"
ಬದುವಿನ ಆಚೆ ಒಬ್ಬಾಕಿ ಎದ್ಲು, ಬಾಳವ್ವ.
ರಾತ್ರಿ ಹಾಸಿದ್ಲಂತ, ಕಡ್ಲಿ ಹುಳಿ ಹಿಡ್ಯಾಕ.
ಗಂಡನ ಧೋತ್ರ; ಆತ ಪ್ಯಾಂಟಿಗೆ ಬಂದು ಹತ್ತು ವರ್ಷ ಆತು,
ಧೋತ್ರ ಖಾಲಿ ಯಾಕ ಕುಂಡ್ರಬೇಕು?
ಇಬ್ಬನಿ ಇಳದು, ಎಲಿ ಹುಳಿ ಅರಿವಿಗೆ ಹತ್ತತೈತಿ.
ಹೊಟ್ಟಿಶೂಲಿಗೆ ಇದರಂಥಾದ್ದು ಮತ್ತೊಂದಿಲ್ಲ.
ನನ್ನ ಕೆಲಸ ಏನಂತ ಕೇಳಿದ್ಲು. ಹೇಳಿದೆ.
"ಒಳಗ ನೋಡ್ತೀರಿ ಅಷ್ಟ," ಅಂದ್ಲು, "ಹಿಡಿ ಈ ತುದಿ."

ಇಬ್ಬರೂ ಹಿಂಡಿದ್ವಿ, ಚೀನಿ ಭರಣ್ಯಾಗ.
ತಾಮ್ರ ನಡಿಯಂಗಿಲ್ಲ, ತಿಂದ ಹಾಕತೈತಿ.
ಬೆರಳಿನ ಗೀರಿನ್ಯಾಗ ಉರಿ.
ನಾಲಗಿ ಚಾಚು ಅಂದ್ಲು. ಒಂದ ಹನಿ.
ಹಲ್ಲು ಚುಳ್ಳಂದು ಕಣ್ಣು ಮುಚ್ಚಿದೆ.
ಅಷ್ಟರಾಗ ಬಿಸಲು ಬಿದ್ದು, ಮಂಜು ಹರದು,
ಬಾತು ಸಾಲು ಹಿಡದು ಹೊಳ್ಳಿ ಕೆರಿಗೆ ಇಳದವಂತ,
ಒಂದೊಂದು ಪಟ್ಟಿ ಎಣಸೂ ಹಂಗ.
ಬಾಳವ್ವ ನೋಡಿದ್ಲು.

ಚಿತ್ರ ಸಾಕ್ಷಿ ಐತಿ: ಹಿಮ, ಅದರ ಮೂಲ್ಯಾಗ ಒಂದು ಕರೀ ಅಂಚು.
ನೋಡಿದವರು ಯಾವ ಊರು ಅಂತಾರ.
ಕಡ್ಲಿ ಹೊಲ ಅಂದ್ರ ನಗತಾರ.
ಹುಳಿ ಮಾತ್ರ ಅದರಾಗ ಬಂದಿಲ್ಲ.

ಸೋಮವಾರ, ಒಂದು ಸಣ್ಣ ಹುಡುಗಿ, ಎದಿ ಚಿತ್ರ.
ತಗಡಿಗೆ ಗದ್ದ ಹಚ್ಚಿ ನಿಂತಿತ್ತು. ತಗಡು ತಣ್ಣಗಿತ್ತು.
"ಉಸಿರು ಹಿಡಿಯವಾ," ಅಂದೆ. "ಹಿಡಿ. ಹಿಡಿ."
ನಾನೂ ಹಿಡದೆ.
ಬಿಡು ಅನ್ನಾಕ ಒಂದು ಗಳಿಗಿ ತಡಾ ಆತು.
ಹಲ್ಲು ಇನ್ನೂ ಜುಮ್ಮಂತಿದ್ದವು.